ನರಗುಂದದ ಬಂಡಾಯಕ್ಕೆ ಪಕ್ಷ ಏಕೆ ಹುಟ್ಟಲಿಲ್ಲ?

1980ರ ಜುಲೈ 21ರಂದು ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆದು ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ಅದೇ ದಿನ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಗುಂಪಿಗೆ ಸಿಕ್ಕು ಪೊಲೀಸರೂ ಜೀವ ಕಳೆದುಕೊಂಡರು. ಎರಡೂವರೆ ವರ್ಷ ಕಳೆಯುವುದರೊಳಗೆ ಗುಂಡೂರಾವ್ ಸರ್ಕಾರ ಉರುಳಿತು. 1983ರ ಜನವರಿ 10ರಂದು ರಾಮಕೃಷ್ಣ ಹೆಗಡೆ ಪ್ರಮಾಣವಚನ ತೆಗೆದುಕೊಂಡು, ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಇಷ್ಟು ಕತೆ ಎಲ್ಲರಿಗೂ ಗೊತ್ತು. ಪ್ರತಿ ಜುಲೈನಲ್ಲಿ ಹುತಾತ್ಮ ದಿನದ ವೇದಿಕೆ ಹತ್ತುವ ಎಲ್ಲ ಪಕ್ಷದವರೂ ಇದನ್ನೇ ಹೇಳುತ್ತಾರೆ. ಆದರೆ ಎಲ್ಲ ಪಕ್ಷದವರೂ ಆ ವೇದಿಕೆ ಹತ್ತಬಲ್ಲರು ಎಂಬುದರಲ್ಲೇ ಒಂದು ಪ್ರಶ್ನೆಯಿದೆ. ಸರ್ಕಾರವನ್ನೇ ಅಲುಗಿಸಿದ ಬಂಡಾಯ ತನ್ನದು ಎಂದು ಹೇಳಿಕೊಳ್ಳುವ ಒಂದು ಪಕ್ಷವನ್ನು ಈ ಸೀಮೆಯಲ್ಲಿ ಏಕೆ ಉಳಿಸಲಿಲ್ಲ?

ಪಕ್ಷಗಳು ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ನಮ್ಮಲ್ಲಿ ಎರಡು ಉತ್ತರ ಸಿದ್ಧವಾಗಿರುತ್ತವೆ. ಪಠ್ಯಪುಸ್ತಕದವರು ಸಿದ್ಧಾಂತ ಎನ್ನುತ್ತಾರೆ: ಒಂದೇ ವಿಚಾರದವರು ಕೂಡಿದರು, ಪ್ರಣಾಳಿಕೆ ಬರೆದರು, ಜನರ ಮುಂದೆ ಬಂದರು. ಗುಡಿಕಟ್ಟೆಯ ಮೇಲೆ ಕೂತವರು ಜಾತಿ, ದುಡ್ಡು ಎನ್ನುತ್ತಾರೆ. ಎರಡರಲ್ಲೂ ಹುರುಳಿಲ್ಲವೆಂದಲ್ಲ. ಆದರೆ ರೋಣ, ನರಗುಂದ, ಗಜೇಂದ್ರಗಡದ ಎಂಬತ್ತು ವರ್ಷಗಳ ರಾಜಕೀಯವನ್ನು ಇಟ್ಟುಕೊಂಡು ನೋಡಿದರೆ ಎರಡೂ ಸಾಲುವುದಿಲ್ಲ. ಹೊಸದಾಗಿ ಬಂದ ಸರ್ಕಾರಕ್ಕೆ ಎದುರಾಳಿ ಹೊರಗಿನಿಂದ ನಡೆದುಬರುವುದು ಅಪರೂಪ. ಆ ಸರ್ಕಾರ ಮೊದಲು ಕೈಗೊಳ್ಳುವ ಒಂದೆರಡು ಗಟ್ಟಿ ತೀರ್ಮಾನಗಳ ಮೇಲೆ ಆಳುವವರೇ ಎರಡಾಗುತ್ತಾರೆ. ಹೊರಬಿದ್ದವರು, ಬೀದಿಯಲ್ಲಿ ಮೊದಲೇ ಕುದಿಯುತ್ತಿದ್ದ ದೂರನ್ನು ಎತ್ತಿಕೊಳ್ಳುತ್ತಾರೆ. ಕೂಡುಮನೆ ಪಾಲಾಗುವುದು ಹೀಗೆಯೇ: ಬೇರೆ ಒಲೆ ಹೂಡುವವರು ಅದೇ ಮನೆಯ ದಾಯಾದಿಗಳೇ ಹೊರತು ಆಚೆ ಓಣಿಯವರಲ್ಲ. ದೂರು ಮಾತ್ರ ಇದ್ದು ಒಡೆದುಬಂದವರು ಇಲ್ಲದಿದ್ದರೆ ಬಂಡಾಯವಾಗುತ್ತದೆ. ಒಡೆದುಬಂದವರು ಇದ್ದು ದೂರು ಇಲ್ಲದಿದ್ದರೆ ಒಂದು ಚುನಾವಣೆಯ ಆಟವಾಗುತ್ತದೆ. ನೆಲೆ ನಿಲ್ಲುವ ಪಕ್ಷಕ್ಕೆ ಎರಡೂ ಬೇಕು.

ಇದಕ್ಕೆ ಅತಿ ಸ್ಪಷ್ಟವಾದ ಹಳೆಯ ಉದಾಹರಣೆ ಅಮೆರಿಕದ್ದು. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾದಾಗ ಆ ದೇಶದ ಸಂವಿಧಾನದಲ್ಲಿ ಪಕ್ಷ ಎಂಬುದರ ಸುಳಿವೇ ಇರಲಿಲ್ಲ. ಸಂವಿಧಾನದ ಪರವಾಗಿ ಲೇಖನ ಬರೆದ ಜೇಮ್ಸ್ ಮ್ಯಾಡಿಸನ್ ಗುಂಪುಗಾರಿಕೆಯನ್ನು ರೋಗವೆಂದೇ ಕಂಡಿದ್ದರು. ಆಮೇಲೆ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಯುದ್ಧಕಾಲದ ರಾಜ್ಯಗಳ ಸಾಲವನ್ನೆಲ್ಲ ಕೇಂದ್ರ ಸರ್ಕಾರ ಹೊರಬೇಕೆಂದರು, ರಾಷ್ಟ್ರೀಯ ಬ್ಯಾಂಕು ತೆರೆಸಿದರು, ಆ ಭಾರಕ್ಕೆ ಹಣ ಹೊಂದಿಸಲು 1791ರಲ್ಲಿ ವಿಸ್ಕಿಯ ಮೇಲೆ ಸುಂಕ ಹಾಕಿಸಿದರು. ಗುಡ್ಡದಾಚೆಯ ಪಶ್ಚಿಮ ಪೆನ್ಸಿಲ್ವೇನಿಯಾದ ಸಣ್ಣ ರೈತರಿಗೆ ಧಾನ್ಯವನ್ನು ಹಾಗೆಯೇ ಸಾಗಿಸಿ ಮಾರುವುದು ಗಿಟ್ಟುತ್ತಿರಲಿಲ್ಲ. ಅವರು ಅದನ್ನು ವಿಸ್ಕಿ ಮಾಡಿ ಮಾರುತ್ತಿದ್ದರು. ಸುಂಕ ಬಿದ್ದದ್ದು ಅವರ ತಲೆಯ ಮೇಲೆ. 1794ರಲ್ಲಿ ಅವರು ಬಂಡೆದ್ದರು. ವಾಷಿಂಗ್ಟನ್ ಸುಮಾರು 13 ಸಾವಿರ ಸೈನಿಕರನ್ನು ಹೊರಡಿಸಿದರು. ಆ ಹೊತ್ತಿಗೆ ಊರೂರುಗಳಲ್ಲಿ ಹುಟ್ಟಿದ್ದ ಪ್ರಜಾಸತ್ತಾತ್ಮಕ ಸಂಘಗಳು ಸರ್ಕಾರದ ಸಿಟ್ಟಿಗೆ ಗುರಿಯಾಗಿ ಬೇಗನೆ ಕರಗಿದವು. ಉಳಿದದ್ದು ಯಾವುದು? ಅದೇ ವಾಷಿಂಗ್ಟನ್ ಸಂಪುಟದಿಂದ 1793ರ ಕೊನೆಯಲ್ಲಿ ಹೊರಬಂದ ಥಾಮಸ್ ಜೆಫರ್ಸನ್, ಅದೇ ಮ್ಯಾಡಿಸನ್ ಜೊತೆ ಕೂಡಿ ಕಟ್ಟಿದ ಪಕ್ಷ. ಅದು 1800ರ ಚುನಾವಣೆ ಗೆದ್ದಿತು, 1802ರಲ್ಲಿ ವಿಸ್ಕಿ ಸುಂಕ ತೆಗೆದುಹಾಕಿತು. ಬಂಡೆದ್ದ ರೈತರ ಕೈಯಲ್ಲಿ ಪಕ್ಷ ಹುಟ್ಟಲಿಲ್ಲ; ಅವರ ದೂರನ್ನು ಬೆನ್ನಿಗೆ ಕಟ್ಟಿಕೊಂಡ ಮಾಜಿ ಮಂತ್ರಿಯ ಕೈಯಲ್ಲಿ ಹುಟ್ಟಿತು.

ನಮ್ಮ 1947ರ ಸರ್ಕಾರಕ್ಕೂ ಹೀಗೆಯೇ ಮೊದಲ ಗಟ್ಟಿ ತೀರ್ಮಾನಗಳು ಎದುರಾದವು, ಅವುಗಳಲ್ಲಿ ಒಂದು ಭಾಷಾವಾರು ಪ್ರಾಂತಗಳದ್ದು. ಇಲ್ಲಿ ಮರೆಯಬಾರದ ಒಂದು ಸಂಗತಿಯಿದೆ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ತನ್ನ ಸಂಘಟನೆಯನ್ನೇ ಭಾಷೆಯ ಮೇಲೆ ಹಂಚಿಕೊಂಡಿತ್ತು. ಹೀಗಾಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿದ್ದ ರೋಣದವರಿಗೂ ನರಗುಂದದವರಿಗೂ ಕಚೇರಿ ಲೆಕ್ಕದಲ್ಲಿ ರಾಜಧಾನಿ ಮುಂಬಯಿಯಾದರೂ, ಕಾಂಗ್ರೆಸ್ ಲೆಕ್ಕದಲ್ಲಿ ಅವರು ಆಗಲೇ ಕರ್ನಾಟಕದವರು. ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ ಎಂಬುದು ಕರ್ನಾಟಕ ರಾಜ್ಯಕ್ಕಿಂತ 36 ವರ್ಷ ಹಿರಿಯದು. ಅಧಿಕಾರ ಬಂದ ಮೇಲೆ ಅದೇ ಪಕ್ಷ ಹಿಂದೆಗೆಯಿತು. 1948ರಲ್ಲಿ ಧರ್ ಆಯೋಗ ಭಾಷಾವಾರು ಪ್ರಾಂತ ಈಗ ಬೇಡವೆಂದಿತು. ಅದರ ಹಿಂದೆಯೇ ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಮೂವರ ಸಮಿತಿಯೂ ಮುಂದೂಡಿರೆಂದಿತು. ದೇಶ ಆಗಷ್ಟೇ ಒಡೆದಿತ್ತು, ನಿರಾಶ್ರಿತರು ಬಂದು ಬೀಳುತ್ತಿದ್ದರು, ಸಂಸ್ಥಾನಗಳು ಒಳಸೇರಬೇಕಿತ್ತು. ದಿಲ್ಲಿಯವರ ಅಂಜಿಕೆಗೆ ಕಾರಣವಿರಲಿಲ್ಲ ಎನ್ನಲಾಗದು. ಆದರೆ ಕಾಲು ಶತಮಾನಕ್ಕೂ ಮೀರಿ ಊರೂರಿಗೆ ಕೊಟ್ಟ ಮಾತನ್ನು ಆ ಪಕ್ಷದ ಊರ ಮುಖಂಡರು ಏನೆಂದು ಹೇಳಿ ವಾಪಸು ಪಡೆಯಬೇಕಿತ್ತು?

ಆ ಇಕ್ಕಟ್ಟಿಗೆ ಸಿಕ್ಕವರಲ್ಲಿ ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಎಲ್ಲರಿಗಿಂತ ಎದ್ದು ಕಾಣುತ್ತಾರೆ. ಅವರು ಹೊರಗಿನವರಾಗಿರಲಿಲ್ಲ; ಸ್ವಾತಂತ್ರ್ಯ ಹೋರಾಟದಲ್ಲಿ ಪಳಗಿದ ಕಾಂಗ್ರೆಸ್ಸಿಗರು, ಮುಂಬಯಿ ಶಾಸನಸಭೆಯ ಸದಸ್ಯರು, ಅಲ್ಲಿ ಕನ್ನಡ ಪ್ರಾಂತದ ಪರ ಗೊತ್ತುವಳಿ ತಂದವರು. ಅಂಥವರು 1953ರಲ್ಲಿ ತಮ್ಮದೇ ಪಕ್ಷದ ಸರ್ಕಾರದ ವಿರುದ್ಧ ಶಾಸಕ ಸ್ಥಾನ ಬಿಟ್ಟು ಜಕ್ಕಲಿಯಲ್ಲಿ ಉಪವಾಸ ಕೂತರು. ಅದೇ ವರ್ಷ ಮಾರ್ಚ್ 28ರಿಂದ ಅದರಗುಂಚಿಯ ಶಂಕರಗೌಡ ಪಾಟೀಲರು ಆಮರಣಾಂತ ಉಪವಾಸ ಹಿಡಿದರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ ಸಭೆ ಸೇರಿದಾಗ ಸಾವಿರಾರು ಜನ ಮುತ್ತಿದರು. ಸಮಿತಿಯ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರೂ ಏಕೀಕರಣದ ಪರವೇ ಇದ್ದರು, ಆದರೆ ಪಕ್ಷದ ಶಿಸ್ತಿಗೂ ಬೀದಿಯ ಸಿಟ್ಟಿಗೂ ನಡುವೆ ನಿಂತಿದ್ದರು. ಆ ಗಲಾಟೆಯ ಬೆನ್ನಿಗೆ ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತು ಎಂಬ ಹೊಸ ಪಕ್ಷ ಬಂತು. ಅದರ ಮುಂದಾಳು ಕೆ.ಆರ್. ಕಾರಂತರು ಮದ್ರಾಸ್ ಪ್ರಾಂತದ ಕಾಂಗ್ರೆಸ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಅಂದರೆ ಇಲ್ಲೂ ಹೊಸ ಒಲೆ ಹೂಡಿದ್ದು ಒಳಗಿನವರೇ. ಹುಬ್ಬಳ್ಳಿಯ ಉಪಚುನಾವಣೆಯಲ್ಲಿ ಆ ಪರಿಷತ್ತು ಕಾಂಗ್ರೆಸ್ಸನ್ನು ಭಾರಿ ಅಂತರದಲ್ಲಿ ಸೋಲಿಸಿತು. ದಿಲ್ಲಿಗೆ ಉಪವಾಸಕ್ಕಿಂತ ಹೆಚ್ಚು ಬಿಸಿ ತಟ್ಟಿಸಿದ್ದು ಈ ಸೋಲು ಎಂದು ನನ್ನ ಅನಿಸಿಕೆ. ಸತ್ಯಾಗ್ರಹಿಯನ್ನು ಜೈಲಿಗೆ ಹಾಕಬಹುದು, ಮತಪೆಟ್ಟಿಗೆಯನ್ನು ಹಾಕಲಾಗುವುದಿಲ್ಲ.

ಇದು ಕನ್ನಡದವರಿಗಷ್ಟೇ ಆದದ್ದೂ ಅಲ್ಲ. ಪೂರ್ವ ಬಂಗಾಳದಲ್ಲಿ 1949ರಲ್ಲಿ ಮುಸ್ಲಿಂ ಲೀಗಿನವರೇ ಒಡೆದು ಅವಾಮಿ ಮುಸ್ಲಿಂ ಲೀಗ್ ಕಟ್ಟಿದರು. ಅಲ್ಲೂ ಭಾಷೆಯ ಪ್ರಶ್ನೆ, ಅಲ್ಲೂ ಕೇಂದ್ರದ ಹಟ. ಅವಾಮಿ ಲೀಗ್ ಇದ್ದ ಮೈತ್ರಿಕೂಟ 1954ರ ಪ್ರಾಂತೀಯ ಚುನಾವಣೆಯಲ್ಲಿ ಹಳೆಯ ಲೀಗನ್ನು ಗುಡಿಸಿಹಾಕಿತು. ಆದರೆ ಕರಾಚಿ ಬಗ್ಗಲಿಲ್ಲ, ದಿಲ್ಲಿ ಬಗ್ಗಿತು. 1953ರ ಡಿಸೆಂಬರಿನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು, 1956ರ ನವೆಂಬರ್ 1ಕ್ಕೆ ಧಾರವಾಡ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ಬೇಡಿಕೆ ಈಡೇರಿದ ಮೇಲೆ ಪರಿಷತ್ತಿಗೆ ಉಳಿಯಲು ಕಾರಣ ಉಳಿಯಲಿಲ್ಲ. ದೊಡ್ಡಮೇಟಿಯವರು ಮತ್ತೆ ಕಾಂಗ್ರೆಸ್ಸಿನಿಂದಲೇ ವಿಧಾನಸಭೆಗೆ ಬಂದು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂದು ಒಳಗಿನಿಂದಲೇ ಒತ್ತಾಯಿಸಿದರು. ಆ ಹೆಸರು ಬಂದದ್ದು 1973ರಲ್ಲಿ, ಅವರು ತೀರಿಕೊಂಡ ಮರುವರ್ಷ. ಪರಿಷತ್ತು ಕರಗಿದ್ದನ್ನು ಸೋಲು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೇಳಿದ್ದು ಸಿಕ್ಕಮೇಲೆ ಮನೆಗೆ ಹೋದ ಪಕ್ಷ ಅದು. ನಮ್ಮ ರಾಜಕೀಯದಲ್ಲಿ ಅಂಥ ಮರ್ಯಾದೆಯ ಸಾವು ಅಪರೂಪ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರದ್ದಲ್ಲ. ಕಮ್ಯುನಿಸ್ಟರು, ಸಮಾಜವಾದಿಗಳು, ಜನಸಂಘದವರು ತಮ್ಮ ತಮ್ಮ ವಿಚಾರ ಹಿಡಿದುಕೊಂಡೇ ಬಂದವರಲ್ಲವೇ, ಅವರನ್ನು ದಾಯಾದಿ ಕಲಹದ ಕೂಸುಗಳೆನ್ನುವುದು ಹೇಗೆ? ಒಬ್ಬೊಬ್ಬರನ್ನೇ ನೋಡೋಣ. ಸಮಾಜವಾದಿಗಳು 1934ರಿಂದ ಕಾಂಗ್ರೆಸ್ಸಿನೊಳಗಿನ ಒಂದು ಗುಂಪು; ಹೊರಬಂದದ್ದು 1948ರಲ್ಲಿ, ಕಾಂಗ್ರೆಸ್ ಸರ್ಕಾರವಾದ ಮೇಲೆ. 1951ರಲ್ಲಿ ಕಿಸಾನ್ ಮಜ್ದೂರ್ ಪ್ರಜಾ ಪಕ್ಷ ಕಟ್ಟಿದ ಆಚಾರ್ಯ ಕೃಪಲಾನಿ ಸ್ವಾತಂತ್ರ್ಯ ಬಂದ ದಿನ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ಅದೇ ವರ್ಷ ಜನಸಂಘ ಸ್ಥಾಪಿಸಿದ ಶ್ಯಾಮಾಪ್ರಸಾದ್ ಮುಖರ್ಜಿ ನೆಹರೂ ಅವರ ಮೊದಲ ಸಂಪುಟದ ಮಂತ್ರಿ. 1950ರ ಏಪ್ರಿಲಿನಲ್ಲಿ ಪೂರ್ವ ಬಂಗಾಳದ ಹಿಂದೂಗಳ ವಿಚಾರದಲ್ಲಿ ಸರ್ಕಾರದ ನಿಲುವನ್ನು ಒಪ್ಪದೆ ಹೊರಬಂದರು. 1959ರ ಸ್ವತಂತ್ರ ಪಕ್ಷದ ರಾಜಾಜಿಯವರಂತೂ ಗವರ್ನರ್ ಜನರಲ್ ಆಗಿದ್ದವರೇ. ಇವರೆಲ್ಲರಿಗೂ ವಿಚಾರ ಇತ್ತು, ನಿಜ. ಆದರೆ ಅದೇ ವಿಚಾರ ಇಟ್ಟುಕೊಂಡೇ ಅವರು ಒಂದೇ ಸೂರಿನಡಿ ವರ್ಷಗಟ್ಟಲೆ ಇದ್ದರು; ಒಡೆದದ್ದು ಒಂದು ನಿರ್ದಿಷ್ಟ ಸರ್ಕಾರಿ ತೀರ್ಮಾನ ಮುಂದೆ ಬಂದಾಗ. ದ್ರಾವಿಡ ಮುನ್ನೇತ್ರ ಕಳಗಂ ಸರ್ಕಾರದ ಹತ್ತಿರ ಸುಳಿಯದೆ ಬೆಳೆಯಿತು ಎನ್ನುವವರು, ಅದು ಒಡೆದುಬಂದ ಮೂಲಸಂಘಟನೆ ಮದ್ರಾಸನ್ನು ಆಳಿದ ಜಸ್ಟಿಸ್ ಪಕ್ಷದ ವಾರಸುದಾರ ಎಂಬುದನ್ನು ನೆನೆಯಬೇಕು. ಕಮ್ಯುನಿಸ್ಟರ ವಿಷಯದಲ್ಲಿ ಮಾತ್ರ ನನ್ನ ವಾದ ಸೊರಗುತ್ತದೆ. ಅವರು ನಿಜಕ್ಕೂ ಹೊರಗಿನಿಂದ ಬಂದರು, 1952ರ ಮೊದಲ ಲೋಕಸಭೆಯಲ್ಲಿ 16 ಸ್ಥಾನ ಗಳಿಸಿ ಅತಿ ದೊಡ್ಡ ವಿರೋಧ ಗುಂಪಾದರು. ಆದರೆ ಕಾಂಗ್ರೆಸ್ಸಿನ 364ರ ಎದುರಿಗೆ ಆ 16. ಅದರಲ್ಲೂ ಸರ್ಕಾರ ಬರುವ ಮೊದಲೇ ಭೂಹೋರಾಟ, ಕಾರ್ಮಿಕ ಸಂಘ ಕಟ್ಟಿಕೊಂಡಿದ್ದ ಕಡೆಗಳಲ್ಲಿ ಗೆದ್ದದ್ದು ಹೆಚ್ಚು. ಮುಂಬಯಿ ಕರ್ನಾಟಕದ ಎರಿಹೊಲಗಳಲ್ಲಿ ಅಂಥ ತಯಾರಿ ಆಗಿರಲಿಲ್ಲ.

ಈಗ 1980ಕ್ಕೆ ಬರೋಣ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದು, ಎಪ್ಪತ್ತರ ದಶಕದಲ್ಲಿ ಕಾಲುವೆ ನರಗುಂದ, ನವಲಗುಂದದ ಕಡೆ ಹರಿಯಿತು. ಮಳೆ ನಂಬಿ ಬಿಳಿಜೋಳ, ಕಡಲೆ, ಹತ್ತಿ ಬೆಳೆಯುತ್ತಿದ್ದ ರೈತರು ಹೈಬ್ರಿಡ್ ಹತ್ತಿಗೆ ತಿರುಗಿದರು. ಗೊಬ್ಬರ, ಔಷಧಿಗೆ ಸಾಲ ಏರಿತು. ಹತ್ತಿಯ ದರ ಕುಸಿಯಿತು. ಎರಿಭೂಮಿ ನೀರು ಹಿಡಿದರೆ ಬಿಡದು, ಕೆಲವು ಕಡೆ ಹೊಲ ಜವುಳು ಹಿಡಿಯಿತು. ಕಾಲುವೆಯ ಕೊನೆಯವರಿಗೆ ನೀರೇ ಬರಲಿಲ್ಲ. ಆದರೆ ಕರದ ನೋಟಿಸು ಎಲ್ಲರಿಗೂ ಬಂತು. ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಹೆಚ್ಚಿತು, ಅದರ ಪಾಲು ಕೊಡಿ ಎನ್ನುವ ಬೆಟರ್‌ಮೆಂಟ್ ಲೆವಿ. ಅದರ ಮೇಲೆ ನೀರಿನ ಕರ. ನೀರು ಮುಟ್ಟದ ಹೊಲಕ್ಕೂ ನೀರಿನ ಲೆಕ್ಕ ಬಿದ್ದಾಗ ಸಿಟ್ಟು ಏಳಲು ಯಾರ ಭಾಷಣವೂ ಬೇಕಿರಲಿಲ್ಲ. ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಕರ ನಿರಾಕರಿಸಿದರು. ಈ ಹೋರಾಟ ಯಾವ ಪಕ್ಷದ ಕೈಗೂಸೂ ಆಗಿರಲಿಲ್ಲ ಎಂಬುದೇ ಅದರ ಹೆಮ್ಮೆ. ಆಮೇಲೆ ನೋಡಿದರೆ, ಅದೇ ಅದರ ಮಿತಿಯೂ ಹೌದು.

ಮಿತಿಯನ್ನು ನಕ್ಷೆಯ ಮೇಲೆಯೇ ಕಾಣಬಹುದು. ಕಾಲುವೆ ಎಲ್ಲಿಗೆ ನಿಂತಿತೋ ಸಮಿತಿಯ ಸದಸ್ಯತ್ವವೂ ಅಲ್ಲಿಗೆ ನಿಂತಿತು. ನರಗುಂದದ ರೈತನಿಗೆ ಲೆವಿ ರದ್ದಾಗಬೇಕಿತ್ತು. ಪೂರ್ವಕ್ಕೆ ಗಜೇಂದ್ರಗಡದ ಗುಡ್ಡದ ಸೆರಗಿನಲ್ಲಿ ಮಳೆ ನಂಬಿ ಬದುಕುವವನಿಗೂ, ಆ ಊರಿನ ನೇಕಾರನಿಗೂ ಲೆವಿಯ ನೋಟಿಸೇ ಬರುವಂತಿರಲಿಲ್ಲ, ಏಕೆಂದರೆ ನೀರೇ ಇರಲಿಲ್ಲ. ಒಬ್ಬನದು ಬಂದ ನೀರಿನ ದೂರು, ಇನ್ನೊಬ್ಬನದು ಬಾರದ ನೀರಿನ ದೂರು. ಇವೆರಡನ್ನು ಒಂದೇ ಚೀಟಿಯಲ್ಲಿ ಬರೆಯುವುದೇ ಪಕ್ಷದ ಕೆಲಸ. ಅದಕ್ಕೆ ತಾಲ್ಲೂಕು ದಾಟಿದ ನಂಟು, ವಿಧಾನಸಭೆಯ ಒಳಹೊರಗು ಬಲ್ಲವರು, ಚುನಾವಣೆಗೆ ಅಭ್ಯರ್ಥಿ ಹುಡುಕಬಲ್ಲವರು ಬೇಕು. 1858ರಲ್ಲಿ ಇದೇ ನರಗುಂದದ ಬಾಬಾಸಾಹೇಬ ಇಂಗ್ಲಿಷರ ಮೇಲೆ ತಿರುಗಿಬಿದ್ದಾಗ ಶಾಸನಸಭೆಯೇ ಇರಲಿಲ್ಲ, ದಂಗೆಗೆ ದಂಗೆಯಾಗಿಯೇ ಮುಗಿಯದೆ ಬೇರೆ ದಾರಿಯಿರಲಿಲ್ಲ. 1980ರ ಹೊತ್ತಿಗೆ ದಾರಿ ಇತ್ತು. ಆದರೆ ಅದರ ಬೀಗದ ಕೈ ಇದ್ದದ್ದು ಬೇರೆಯವರ ಹತ್ತಿರ.

ಅವರು ಯಾರೆಂದು ನೋಡಿದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ಒಂದಾಗಿ ನರಗುಂದದಿಂದಲೇ ಬೆಂಗಳೂರಿಗೆ ರೈತರ ಜಾಥಾ ಹೊರಡಿಸಿದವು. ಎಲ್ಲಿಂದ ಹೊರಡಬೇಕು ಎಂಬುದನ್ನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಆ ಸಾಲಿನಲ್ಲಿ ಎಡಪಕ್ಷಗಳಿದ್ದವು, ಅವರ ದುಡಿಮೆಯನ್ನು ಕಡೆಗಣಿಸುವುದು ಸರಿಯಲ್ಲ. ಆದರೆ ಕೊನೆಗೆ ಅಧಿಕಾರಕ್ಕೆ ಬಂದವರು 1969ರಲ್ಲಿ ಕಾಂಗ್ರೆಸ್ ಎರಡಾದಾಗ ನಿಜಲಿಂಗಪ್ಪನವರ ಬಣದಲ್ಲಿ ಉಳಿದು 1977ರಲ್ಲಿ ಜನತಾ ಪಕ್ಷವಾದವರು. ಹೆಗಡೆಯವರೇ ಹಿಂದೆ ಕಾಂಗ್ರೆಸ್ ಸರ್ಕಾರದಲ್ಲಿ ಹಣಕಾಸು ನೋಡಿಕೊಂಡಿದ್ದ ಮಂತ್ರಿ. ಅವರ ಜೊತೆ ಕೈಜೋಡಿಸಿದ ಕ್ರಾಂತಿರಂಗವನ್ನು 1982ರಲ್ಲಿ ಕಟ್ಟಿದ್ದು ಸುಮಾರು ಎಂಟು ವರ್ಷ ಕಾಂಗ್ರೆಸ್ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು. ಅವರು ತೀರಿಕೊಂಡ ಮೇಲೆ ಅದನ್ನು ನಡೆಸಿದ ಬಂಗಾರಪ್ಪನವರೂ ಕಾಂಗ್ರೆಸ್ ಮಂತ್ರಿಮಂಡಲ ಕಂಡವರೇ. 224ರಲ್ಲಿ 95 ಗೆದ್ದ ಜನತಾ ಪಕ್ಷ ಬಿಜೆಪಿಯ 18 ಮತ್ತು ಎಡಪಕ್ಷಗಳ ಹೊರ ಬೆಂಬಲದಿಂದ ಸರ್ಕಾರ ಮಾಡಿತು. ಕರ್ನಾಟಕದ ಎರಡು ಪಕ್ಷಗಳ ರಾಜಕೀಯ ನಿಜವಾಗಿ ಶುರುವಾದದ್ದು ಅಂದು. ಅದಕ್ಕೆ ರಕ್ತ ಕೊಟ್ಟದ್ದು ನರಗುಂದ. ಮೈ ಕೊಟ್ಟದ್ದು ಕಾಂಗ್ರೆಸ್ಸಿನ ಹಳೆಯ ಬಿರುಕು.

ಹಾಗಾದರೆ ರೈತಸಂಘ? ಇದೇ ಬಂಡಾಯದ ಕಾವಿನಲ್ಲಿ 1980ರಲ್ಲಿ ಕರ್ನಾಟಕ ರಾಜ್ಯ ರೈತಸಂಘ ಹುಟ್ಟಿದ್ದು ಶಿವಮೊಗ್ಗದಲ್ಲಿ, ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳ್ ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ ಅದರ ಮುಂಚೂಣಿಯವರು. ಹಸಿರು ಶಾಲು ಹೊದ್ದ ಆ ಸಂಘಟನೆ ಅಧಿಕಾರಿಯ ಎದುರು ರೈತ ತಲೆಯೆತ್ತಿ ನಿಲ್ಲುವುದನ್ನು ಕಲಿಸಿತು. ಅನುಮತಿಯಿಲ್ಲದೆ ಸಾಲ ವಸೂಲಿಗೆ ಊರೊಳಗೆ ಬರಬೇಡಿ ಎಂಬ ಫಲಕಗಳು ಹಳ್ಳಿಯ ಬಾಗಿಲಲ್ಲಿ ನಿಂತವು. ಮತದ ಲೆಕ್ಕದಲ್ಲಿ ಅದು ಗಳಿಸಿದ್ದು ಬಲು ಸ್ವಲ್ಪ. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡರಲ್ಲೂ ಗೆದ್ದರು. ಬಿಟ್ಟುಕೊಟ್ಟ ಧಾರವಾಡದಿಂದ ನಂಜುಂಡಸ್ವಾಮಿ ವಿಧಾನಸಭೆ ಸೇರಿದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಬಂದರು. ಬಾಬಾಗೌಡರು ಮುಂದೆ ಬಿಜೆಪಿ ಸೇರಿ 1998ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಹೋಗಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಪಕ್ಷಗಳನ್ನು ದೂರವಿಟ್ಟು ಶುದ್ಧವಾಗಿರಬೇಕೆಂಬ ಸಂಘದ ಹಟವನ್ನು ಮೆಚ್ಚುವವರ ಸಾಲಿನಲ್ಲಿ ನಾನೂ ಇದ್ದೇನೆ, ಆದರೆ ಆ ಹಟಕ್ಕೆ ತೆತ್ತ ಬೆಲೆ ಮರೆಯುವಂಥದ್ದಲ್ಲ. ಸರ್ಕಾರ ಒಡೆಯುತ್ತಿದ್ದ ಮೂರು ವರ್ಷಗಳಲ್ಲಿ ಅದು ಒಳಗಿನವರನ್ನು ಸೆಳೆಯಲಿಲ್ಲ. ಚುನಾವಣೆಗೆ ಇಳಿದಾಗ ಒಳಗಿನವರು ಆಗಲೇ ಜನತಾ ಪರಿವಾರದಲ್ಲಿ ಮನೆ ಮಾಡಿಕೊಂಡಿದ್ದರು.

ಇದೆಲ್ಲ ಮೇಲುಮೇಲಿನ ಕತೆ, ಒಳಗೆ ನಡೆದದ್ದು ಜಾತಿಯ ಲೆಕ್ಕಾಚಾರವೇ ಎಂದು ಹೇಳುವವರಿಗೂ ಉತ್ತರ ಕೊಡಬೇಕು. ಈ ಸೀಮೆಯಲ್ಲಿ ಲಿಂಗಾಯತರ ಸಂಖ್ಯೆ, ಜಮೀನು, ಮಠಗಳ ಪ್ರಭಾವ ಯಾರೂ ಅಲ್ಲಗಳೆಯುವ ಮಾತಲ್ಲ. ಟಿಕೆಟ್ ಯಾರಿಗೆ, ಮತ ಎತ್ತ ಎಂಬುದನ್ನು ಅದು ಬಹುಪಾಲು ತೀರ್ಮಾನಿಸುತ್ತದೆ. ಆದರೆ ಒಂದು ಪಕ್ಷ ಯಾವಾಗ ಒಡೆಯುತ್ತದೆ ಎಂಬುದನ್ನು ಅದು ಹೇಳಲಾರದು. 1953ರಲ್ಲಿ ಪಕ್ಷದ ಗೆರೆಯೊಳಗೆ ನಿಂತ ನಿಜಲಿಂಗಪ್ಪನವರೂ ಗೆರೆ ದಾಟಿದ ದೊಡ್ಡಮೇಟಿಯವರೂ ಅದೇ ಸಮುದಾಯದವರು. 1969ರ ಒಡಕಿನಲ್ಲಿ ಎರಡೂ ಕಡೆ ಲಿಂಗಾಯತ ಮುಖಂಡರಿದ್ದರು, ಹುಲಕೋಟಿಯ ಕೆ.ಎಚ್. ಪಾಟೀಲರಂಥ ರೆಡ್ಡಿ ನಾಯಕರೂ ಇದ್ದರು. ಜಾತಿ ಎಂಬುದು ಎಲ್ಲ ಕಾಲದಲ್ಲೂ ಇತ್ತು. ಪಕ್ಷಗಳು ಮಾತ್ರ ಕೆಲವೇ ಕಾಲದಲ್ಲಿ ಹುಟ್ಟಿದವು.

ಒಡೆದುಬಂದವರಿದ್ದೂ ದೂರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೆಚ್ಚು ಹಿಂದೆ ಹೋಗಬೇಕಿಲ್ಲ. 2012ರ ಕೊನೆಯಲ್ಲಿ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕರ್ನಾಟಕ ಜನತಾ ಪಕ್ಷದ ಮುಂದಾಳಾದರು. ಮಾಜಿ ಮುಖ್ಯಮಂತ್ರಿ, ದೊಡ್ಡ ಸಮುದಾಯದ ಬೆಂಬಲ, ಕೈತುಂಬ ಕಾರ್ಯಕರ್ತರು. 2013ರಲ್ಲಿ ಸಿಕ್ಕದ್ದು ಆರು ಸ್ಥಾನ. ಮರುವರ್ಷದ ಆರಂಭಕ್ಕೆ ಯಡಿಯೂರಪ್ಪನವರು ಹಳೆಯ ಮನೆಗೆ ಮರಳಿದರು. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ನಾಲ್ಕಕ್ಕೆ ನಿಂತಿತು. ಬಿಜೆಪಿಯ ಮತ ಒಡೆಯಲು ಅಷ್ಟು ಸಾಕಾಯಿತು, ಪಕ್ಷವಾಗಿ ನಿಲ್ಲಲು ಸಾಕಾಗಲಿಲ್ಲ. ಅವರ ಸಿಟ್ಟು ಅವರದಾಗಿತ್ತು. ಯಾವ ಹೊಲದ, ಯಾವ ಕಾಲುವೆಯ ಸಿಟ್ಟೂ ಅದರೊಳಗೆ ಇರಲಿಲ್ಲ.

ಇದಕ್ಕೆ ತದ್ವಿರುದ್ಧ ಮಹದಾಯಿಯದ್ದು. ಮಲಪ್ರಭಾ ಜಲಾಶಯ ತುಂಬದ ವರ್ಷಗಳೇ ಹೆಚ್ಚಾದಾಗ, ಕಳಸಾ-ಬಂಡೂರಿ ನಾಲೆಗಳ ಮೂಲಕ ಮಹದಾಯಿಯ ನೀರನ್ನು ತಿರುಗಿಸಿರೆಂದು ನರಗುಂದದಲ್ಲಿ 2015ರ ಜುಲೈಯಿಂದ ಧರಣಿ ಶುರುವಾಗಿ ವರ್ಷಗಳ ಕಾಲ ನಡೆಯಿತು. 2016ರ ಜುಲೈನಲ್ಲಿ ನ್ಯಾಯಮಂಡಳಿ 7.56 ಟಿಎಂಸಿಯ ಮಧ್ಯಂತರ ಕೋರಿಕೆ ತಳ್ಳಿಹಾಕಿದಾಗ ನವಲಗುಂದ, ಯಮನೂರುಗಳಲ್ಲಿ ಪೊಲೀಸರ ಲಾಠಿ ಮನೆಮನೆ ಹೊಕ್ಕಿತು. 2018ರ ಆಗಸ್ಟಿನ ಅಂತಿಮ ತೀರ್ಪು ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕದ್ದು 3.9. ದೂರು 1980ರಷ್ಟೇ ಗಟ್ಟಿ, ತಾಳ್ಮೆ ಅದಕ್ಕಿಂತ ಹೆಚ್ಚು. ಆದರೂ ಆ ಧರಣಿಯಿಂದ ನೆಲೆ ನಿಂತ ಪಕ್ಷವೊಂದು ಹುಟ್ಟಲಿಲ್ಲ. 2018, 2023 ಎರಡರಲ್ಲೂ ನರಗುಂದ ಬಿಜೆಪಿಯ ಸಿ.ಸಿ. ಪಾಟೀಲರನ್ನು ಆರಿಸಿತು. ಗಜೇಂದ್ರಗಡವನ್ನೂ ಒಳಗೊಂಡ ರೋಣ ಕ್ಷೇತ್ರ 2008ರಿಂದ ಬಿಜೆಪಿಯ ಕಳಕಪ್ಪ ಬಂಡಿ ಮತ್ತು ಕಾಂಗ್ರೆಸ್ಸಿನ ಜಿ.ಎಸ್. ಪಾಟೀಲರ ನಡುವೆ ಚುನಾವಣೆಗೊಮ್ಮೆ ಮಗ್ಗುಲು ಬದಲಿಸುತ್ತ ಬಂದಿದೆ.

1953ರಲ್ಲಿ ಆದದ್ದು ಈಗ ಏಕೆ ಆಗಲಿಲ್ಲ? ಸನ್ನಿವೇಶದ ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ. ಅಂದು ಮುಂಬಯಿ ಕಾಂಗ್ರೆಸ್ಸಿಗೂ ಕರ್ನಾಟಕ ಕಾಂಗ್ರೆಸ್ಸಿಗೂ ಒಂದೇ ಹೈಕಮಾಂಡ್. ಇಂದು ಮಹದಾಯಿ ವ್ಯಾಜ್ಯದ ಎದುರು ಕಕ್ಷಿಯಾದ ಗೋವಾದ ಪಣಜಿಯ ಬಿಜೆಪಿಗೂ ಬೆಂಗಳೂರಿನ ಬಿಜೆಪಿಗೂ ಒಂದೇ, ಎರಡೂ ಕಡೆಯ ಕಾಂಗ್ರೆಸ್ಸಿಗೂ ಒಂದೇ. ಆ ಊರಲ್ಲಿ ನೀರು ಬಿಡಬೇಡಿ, ಈ ಊರಲ್ಲಿ ನೀರು ತನ್ನಿ ಎಂದು ಎರಡು ನಾಲಿಗೆಯಲ್ಲಿ ಮಾತಾಡುವ ಪಕ್ಷಗಳೊಳಗೆ ಬಿರುಕು ಬಿಡಲೇಬೇಕಿತ್ತು. ಬಿಡದಿರಲು ಒಂದು ದೊಡ್ಡ ಕಾರಣ ಕಾನೂನು. 1985ರವರೆಗೆ ನಮ್ಮ ಸಂವಿಧಾನದಲ್ಲಿ ರಾಜಕೀಯ ಪಕ್ಷದ ಮಾತೇ ಇರಲಿಲ್ಲ. 52ನೇ ತಿದ್ದುಪಡಿ ಹತ್ತನೇ ಅನುಸೂಚಿಯನ್ನು ಸೇರಿಸಿದಾಗ ಅದು ಬಂತು, ಬಂದದ್ದೂ ಶಾಸಕರು ಪಕ್ಷ ಬಿಡದಂತೆ ಕಟ್ಟಿಹಾಕಲು. ಆಗ ಮೂರನೇ ಒಂದು ಭಾಗ ಒಟ್ಟಿಗೆ ಒಡೆದರೆ ಮಾಫಿ ಇತ್ತು. 2003ರ 91ನೇ ತಿದ್ದುಪಡಿ ಅದನ್ನೂ ತೆಗೆದು, ಮೂರನೇ ಎರಡು ಭಾಗದವರು ಬೇರೆ ಪಕ್ಷದಲ್ಲಿ ವಿಲೀನವಾದರೆ ಮಾತ್ರ ಉಳಿವು ಎಂದಿತು. ದೊಡ್ಡಮೇಟಿಯವರಂತೆ ಸ್ಥಾನ ಬಿಟ್ಟು ಬರುವ ದಾರಿ ಇಂದಿಗೂ ತೆರೆದಿದೆ, ನಿಜ. 2019ರಲ್ಲಿ ಆ ದಾರಿಯಲ್ಲಿ ನಡೆದವರನ್ನು ಕರ್ನಾಟಕ ಕಂಡಿತು. ಅವರಲ್ಲಿ ಬಹುತೇಕರು ಸೇರಿದ್ದು ಸರ್ಕಾರ ಮಾಡಲು ಹೊರಟಿದ್ದ ಪಕ್ಷವನ್ನೇ. ಹೊಸದನ್ನು ಕಟ್ಟುವ ಕಷ್ಟಕ್ಕೆ ಅವರು ಹೋಗಲಿಲ್ಲ. ದುಡ್ಡಿಗೆ ಮಾರಿಕೊಳ್ಳುವುದನ್ನು ತಡೆಯಲು ಮಾಡಿದ ಕಾನೂನು ಅದನ್ನು ಪೂರ್ತಿ ತಡೆಯಲಿಲ್ಲ. ಕ್ಷೇತ್ರದ ಜನರ ಪರವಾಗಿ ತನ್ನ ಪಕ್ಷದ ವಿರುದ್ಧ ಮತ ಹಾಕುವ ಗುಂಪೊಂದು ಸದನದೊಳಗೆ ಬೆಳೆಯುವುದನ್ನು ಮಾತ್ರ ತಡೆಯಿತು, ಏಕೆಂದರೆ ವಿಪ್ ಮೀರಿದರೆ ಹೋಗುವುದು ಸದಸ್ಯತ್ವವೇ.

ಕಾನೂನು ಒಂದೇ ಕಾರಣವಲ್ಲ, ಚುನಾವಣೆಯ ಖರ್ಚೂ ಇದೆ, ದಿಲ್ಲಿಯಿಂದ ಬರುವ ಟಿಕೆಟ್ಟೂ ಇದೆ. ಆದರೆ ಮೂರೂ ಸೇರಿ ಆಗಿರುವುದು ಒಂದೇ: ವಿಧಾನಸಭೆಯ ಮಟ್ಟದಲ್ಲಿ ಹೊಸ ಪಕ್ಷಕ್ಕೆ ಬೇಕಾದ ಒಳಗಿನವರು ಸಿಗುವುದು ದುಸ್ತರವಾಗಿದೆ. ಹಾಗಿದ್ದರೂ ಆಳುವುದರ ರುಚಿ, ಕಷ್ಟ ಎರಡನ್ನೂ ಕಂಡು, ಪಕ್ಷದ ವಿಪ್ಪಿಗೆ ಸಿಗದವರು ಈ ತಾಲ್ಲೂಕುಗಳಲ್ಲಿ ಇಲ್ಲದಿಲ್ಲ. ಗ್ರಾಮ ಪಂಚಾಯಿತಿಗೆ ಇಂದಿಗೂ ಪಕ್ಷದ ಚಿಹ್ನೆಯಿಲ್ಲದೆ ಚುನಾವಣೆ ನಡೆಯುತ್ತದೆ. 1905ರಲ್ಲಿ ದೇಶಕ್ಕೇ ಮೊದಲಾಗಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇದೇ ಗದಗ ಜಿಲ್ಲೆಯದು. ಊರೂರಿನ ಪತ್ತಿನ ಸಂಘಗಳಲ್ಲಿ ಬಜೆಟ್ಟು, ಸಾಲ, ವಸೂಲಿ, ಜಗಳ ಎಲ್ಲವನ್ನೂ ನಿಭಾಯಿಸಿ ಗೊತ್ತಿರುವವರಿದ್ದಾರೆ. ನರಗುಂದದ ಕಾಲುವೆಯವನನ್ನೂ ಗಜೇಂದ್ರಗಡದ ಒಣಬೇಸಾಯದವನನ್ನೂ ಒಂದೇ ಮೇಜಿನ ಎದುರು ಕೂರಿಸಬಲ್ಲ ಜಾಗ ಜಿಲ್ಲಾ ಪಂಚಾಯಿತಿ. 2021ರಲ್ಲಿ ಅವಧಿ ಮುಗಿದ ಮೇಲೆ ಅದಕ್ಕೆ ವರ್ಷಗಟ್ಟಲೆ ಚುನಾವಣೆ ನಡೆಸಲಿಲ್ಲ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ವಿಷಯದಲ್ಲಿ ಅವಸರ ತೋರದಿದ್ದುದನ್ನು ಬರೀ ಆಡಳಿತದ ಆಲಸ್ಯ ಎಂದು ನಾನು ಓದುವುದಿಲ್ಲ.